ಇಲ್ಲ ಅನ್ನುವುದಕ್ಕೆ ಏನು ಆಧಾರ?

‘ದೇವರು ಕಂಡಿಲ್ಲ, ಹಾಗಾಗಿ ಇಲ್ಲ’ ಅಂತ ತೋಟದ ಗೌಡರೊಬ್ಬರು ನನ್ನ ಗ್ಯಾರೇಜಿಗೆ ಬಂದಾಗಲೆಲ್ಲ ವಾದಕ್ಕಿಳಿಯುತ್ತಾರೆ. ಮೂಡಿಗೆರೆಯ ಮಳೆಗಾಲದಲ್ಲಿ ವಾದಕ್ಕೆ ಪುರುಸೊತ್ತು ಜಾಸ್ತಿ. ಆದರೆ ಕಾಣಲಿಲ್ಲ ಅನ್ನುವುದು ಇಲ್ಲ ಅನ್ನುವುದಕ್ಕೆ ಯಾವಾಗ ಸಾಕ್ಷಿಯಾಗುತ್ತದೆ?

ಅವರದೇ ಹಳೇ ಜಿಪ್ಸಿ ನೋಡಿ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಎಷ್ಟೋ ಹೊತ್ತು ಸೆಲ್ಫ್ ಹೊಡೆಯಬೇಕು. ಪೆಟ್ರೋಲ್ ಪೈಪಿಗೆ ಗೇಜ್ ಹಾಕಿ ಕೀ ತಿರುಗಿಸಿದೆ. ಟ್ಯಾಂಕಿನೊಳಗೆ ಪಂಪ್ ಗುಂಯ್ ಅಂದು ನಿಂತಿತು, ಮುಳ್ಳು 3 ಬಾರ್ ಹತ್ತಿರ ಏರಿತು. ಅಲ್ಲೇ ನಿಲ್ಲಬೇಕಾದದ್ದು ಮೆಲ್ಲಗೆ ಇಳಿಯತೊಡಗಿತು. ಹೊರಗೆ ಎಲ್ಲೂ ತೇವವಿಲ್ಲ, ವಾಸನೆಯಿಲ್ಲ; ಆದರೂ ಒತ್ತಡ ಎಲ್ಲೋ ಸೋರುತ್ತಿದೆ. ಇಂಥಲ್ಲಿ ರಿಟರ್ನ್ ಪೈಪನ್ನು ಹಿಸುಕಿದಾಗ ಮುಳ್ಳು ನಿಂತರೆ ತಪ್ಪು ರೆಗ್ಯುಲೇಟರಿನದು. ಟ್ಯಾಂಕಿನಿಂದ ಬರುವ ಪೈಪನ್ನು ಗೇಜಿನ ಹಿಂದೆ ಹಿಸುಕಿದಾಗ ನಿಂತರೆ ಪಂಪಿನ ಚೆಕ್ ವಾಲ್ವ್. ಎರಡೂ ಹಿಸುಕಿದರೂ ಇಳಿದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಒಂದು ಇದ್ದರೆ ಇನ್ನೊಂದು ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ತರ್ಕಶಾಸ್ತ್ರದವರ ಅನ್ವಯ-ವ್ಯತಿರೇಕ ಇದೇ. ಆದರೆ ಇದಕ್ಕೆಲ್ಲ ಮೊದಲು ನೋಡಬೇಕಾದದ್ದು ಗೇಜಿನ ಜಾಯಿಂಟನ್ನೇ. ಅದೇ ಸೋರಿದರೆ ಮುಳ್ಳು ಹೇಳುವುದೆಲ್ಲ ಸುಳ್ಳು.

ಕಾಣದಿರುವುದು ಸಾಕ್ಷಿಯೇ ಅನ್ನುವುದಕ್ಕೆ ನಮ್ಮ ಒಂದೇ ಜಿಲ್ಲೆಯಲ್ಲಿ ಎರಡು ಲೆಕ್ಕ. ಶೃಂಗೇರಿಯ ಅದ್ವೈತಿಗಳು ಭಾಟ್ಟ ಮೀಮಾಂಸಕರ ಹಾಗೆ ಅನುಪಲಬ್ಧಿಯನ್ನು, ಅಂದರೆ ಕಾಣದಿರುವುದನ್ನೇ, ಆರನೆಯ ಪ್ರಮಾಣವಾಗಿ, ಅಂದರೆ ತಿಳಿವಿನ ಸಾಧನವಾಗಿ, ಒಪ್ಪುತ್ತಾರೆ. ಮಾಧ್ವರಿಗೆ ಪ್ರತ್ಯಕ್ಷ, ಅನುಮಾನ, ಆಗಮ (ಶಾಸ್ತ್ರ) ಮೂರೇ ಸಾಕು. ಇಲ್ಲ ಅನ್ನುವ ತಿಳಿವೂ ಅವುಗಳಲ್ಲೇ ಸೇರುತ್ತದೆ. ಪೈಪ್ ಹಿಸುಕಿ, ಮುಳ್ಳು ನೋಡಿ ಅನುಮಾನಿಸುವವನಿಗೆ ಮಧ್ವರ ಲೆಕ್ಕವೇ ಹತ್ತಿರ. ಆದರೂ ಅನುಪಲಬ್ಧಿಯವರು ಹಾಕುವ ಷರತ್ತೊಂದು ನನಗೆ ಬಹಳ ಹಿಡಿಸಿದೆ: ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವ ಕಡೆ ಮಾತ್ರ ಕಾಣದಿರುವುದಕ್ಕೆ ಬೆಲೆ. ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಗಡಿಗೆ ಇಲ್ಲವೆಂದಲ್ಲ.

ಗೌಡರಿಗೆ ಹೇಳಿದೆ, ‘ದೇವರು ಇದ್ದಿದ್ದರೆ ಎಲ್ಲಿ ಕಾಣಬೇಕಿತ್ತು ಅಂತ ಮೊದಲು ಹೇಳಿ ಗೌಡ್ರೇ.’ ಅವರು ಬಿಡುವವರಲ್ಲ. ‘ಎಲ್ಲೂ ಕಾಣಬೇಕಾಗಿಲ್ಲ ಅಂದಮೇಲೆ ಇದ್ದಾನೆ ಅಂತ ನಿನಗೆ ಹೇಗೆ ಗೊತ್ತಾಯ್ತೋ?’

ಶೃಂಗೇರಿಯವರೂ ಮಾಧ್ವರೂ ಇಲ್ಲಿ ಒಂದೇ ದನಿ: ಅದಕ್ಕೆ ಶಾಸ್ತ್ರವೇ ಪ್ರಮಾಣ. ಬರೆದದ್ದನ್ನು ನಂಬುವುದಕ್ಕೆ ಒಂದು ಉದಾಹರಣೆ: ಕಳಸದ ಹತ್ತಿರ ಅಂಬುತೀರ್ಥದಲ್ಲಿ ಭದ್ರಾ ನದಿಯ ಮಗ್ಗುಲಲ್ಲಿರುವ ದೊಡ್ಡ ಬಂಡೆಯನ್ನು ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಅದರ ಮೇಲೇ ಕೆತ್ತಿದೆ. ಬಂಡೆ ಪ್ರತ್ಯಕ್ಷ, ಆ ಕೈ ಮಾತ್ರ ಅಕ್ಷರ ನಂಬಿದವರಿಗೆ. ನಾನು ನಂಬುತ್ತೇನೆ. ಆದರೆ ನಂಬದ ಗೌಡರ ಮುಂದೆ ಅದನ್ನೇ ಸಾಕ್ಷಿಗೆ ಕರೆಯುವುದು ನ್ಯಾಯವಲ್ಲ. ಹಾಗೆಯೇ, ಕಂಡಿಲ್ಲ ಅನ್ನುವ ಅವರ ಸಾಕ್ಷಿಯನ್ನು ನಾನೂ ಒಪ್ಪುವುದಿಲ್ಲ.