ತ್ಯಾಗವೋ, ಬಲಿಯೋ?

ಪದವಿ ತರಗತಿಯಲ್ಲಿ ಅರ್ಥಶಾಸ್ತ್ರ ಓದುವವರು ಮೊದಲ ವರ್ಷದಲ್ಲಿ ಬೇಡಿಕೆ, ಪೂರೈಕೆ, ರಾಷ್ಟ್ರೀಯ ವರಮಾನ ಮುಂತಾದವುಗಳ ವ್ಯಾಖ್ಯೆಗಳನ್ನು ಕಲಿಯುತ್ತಾರೆ. ಮುಂದಿನ ಹಂತದ ಸಮಗ್ರ ಅರ್ಥಶಾಸ್ತ್ರಕ್ಕೆ ಬಂದಾಗ ರೇಖೆಗಳೂ ಸಮೀಕರಣಗಳೂ ಎದುರಾಗುತ್ತವೆ. ಬಡ್ಡಿದರ ಏರಿದರೆ ಏನಾಗುತ್ತದೆ, ಸರಕಾರ ಖರ್ಚು ತಗ್ಗಿಸಿದರೆ ಏನಾಗುತ್ತದೆ ಎಂದು ಇಡೀ ದೇಶವನ್ನು ಒಂದು ಹಾಳೆಯ ಮೇಲಿಟ್ಟು ಲೆಕ್ಕ ಹಾಕುವ ವಿದ್ಯೆ ಅದು. ಆ ಪಠ್ಯದಲ್ಲಿ 'ಸ್ಯಾಕ್ರಿಫೈಸ್ ರೇಶಿಯೋ' ಎಂಬ ಒಂದು ಲೆಕ್ಕವಿದೆ. ಕನ್ನಡದಲ್ಲಿ ಅದನ್ನು 'ತ್ಯಾಗದ ಅನುಪಾತ' ಎನ್ನಬಹುದು. ಹಣದುಬ್ಬರವನ್ನು ಶೇಕಡಾ ಒಂದರಷ್ಟು ಇಳಿಸಲು ದೇಶವು ತನ್ನ ಒಂದು ವರ್ಷದ ಉತ್ಪನ್ನದಲ್ಲಿ ಶೇಕಡಾ ಎಷ್ಟನ್ನು ಕಳೆದುಕೊಳ್ಳಬೇಕು ಎಂಬುದೇ ಆ ಲೆಕ್ಕ. ಸರಿಯಾಗಿ ಭಾಗಿಸಿ ಉತ್ತರ ಬರೆದರೆ ಅಂಕ ಸಿಗುತ್ತದೆ. ಆದರೆ ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಯೊಂದು ಆ ಹೆಸರಿನೊಳಗೇ ಇದೆ. ತ್ಯಾಗ ಮಾಡುವವರು ಯಾರು?

ಈ ಲೆಕ್ಕದ ಬೇರು 1958ರಷ್ಟು ಹಿಂದಿನದು. ನ್ಯೂಜಿಲೆಂಡ್ ಮೂಲದ ಎ.ಡಬ್ಲ್ಯು. ಫಿಲಿಪ್ಸ್ ಆಗ ಲಂಡನ್ನಿನಲ್ಲಿ ಅಧ್ಯಾಪಕರಾಗಿದ್ದರು. ಬ್ರಿಟನ್ನಿನ 1861ರಿಂದ 1957ರವರೆಗಿನ ಅಂಕಿಅಂಶಗಳನ್ನು ಕಲೆಹಾಕಿ, ನಿರುದ್ಯೋಗ ಕಡಿಮೆಯಿದ್ದ ವರ್ಷಗಳಲ್ಲಿ ಕೂಲಿ ವೇಗವಾಗಿ ಏರಿತ್ತು, ನಿರುದ್ಯೋಗ ಹೆಚ್ಚಿದ್ದ ವರ್ಷಗಳಲ್ಲಿ ನಿಧಾನವಾಗಿತ್ತು ಎಂದು ಅವರು ತೋರಿಸಿದರು. ಅದು ಹಿಂದೆ ನಡೆದುದರ ವಿವರಣೆಯಾಗಿತ್ತು. ಕ್ರಮೇಣ ಅದನ್ನು ಆಡಳಿತಗಾರರ ಮುಂದಿರುವ ಆಯ್ಕೆಗಳ ಪಟ್ಟಿಯಂತೆ ಓದತೊಡಗಿದರು. ಬೆಲೆ ಇಳಿಯಬೇಕೇ? ಹಾಗಾದರೆ ಇಷ್ಟು ನಿರುದ್ಯೋಗ ಸಹಿಸಿ!

ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 1979ರಲ್ಲಿ ಪಾಲ್ ವೋಲ್ಕರ್ ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾದರು. 1980ರಲ್ಲಿ ಹಣದುಬ್ಬರ ಶೇ. 13.5 ಇತ್ತು. ಅದನ್ನು ಮಣಿಸಲು ಅವರು ಹಣದ ಹರಿವನ್ನು ಬಿಗಿಗೊಳಿಸಿದರು. 1981ರ ಮಧ್ಯದಲ್ಲಿ ಬ್ಯಾಂಕುಗಳ ನಡುವಣ ಸಾಲದ ಬಡ್ಡಿ ಶೇ. 19ನ್ನೂ ದಾಟಿತು. ಔಷಧ ಕೆಲಸ ಮಾಡಿತು. 1983ರ ಹೊತ್ತಿಗೆ ಹಣದುಬ್ಬರ ಶೇ. 3.2ಕ್ಕೆ ಇಳಿಯಿತು. ಆದರೆ 1982ರ ಕೊನೆಗೆ ನಿರುದ್ಯೋಗ ಶೇ. 10.8 ತಲುಪಿತ್ತು. ಕೆಲಸ ಹುಡುಕುತ್ತಿದ್ದವರು ಸುಮಾರು 1.2 ಕೋಟಿ ಮಂದಿ. ಮನೆ ಕಟ್ಟುವ ಗುತ್ತಿಗೆದಾರರು ಮಾರಾಟವಾಗದ ಮರದ ತುಂಡುಗಳನ್ನು ವೋಲ್ಕರ್‌ಗೆ ಅಂಚೆಯಲ್ಲಿ ಕಳುಹಿಸಿದರು. ರೈತರು ಟ್ರಾಕ್ಟರುಗಳನ್ನು ತಂದು ಬ್ಯಾಂಕಿನ ಕಟ್ಟಡಕ್ಕೆ ಅಡ್ಡ ನಿಲ್ಲಿಸಿದರು.

ನಮ್ಮಲ್ಲೂ ಓದುವ ಗ್ರೆಗರಿ ಮ್ಯಾಂಕ್ಯೂ ಅವರ ಪಠ್ಯಪುಸ್ತಕ ಈ ಇಡೀ ಪ್ರಕರಣವನ್ನು ಒಂದು ಭಾಗಾಕಾರವಾಗಿಸುತ್ತದೆ. ಆ ವರ್ಷಗಳಲ್ಲಿ ಕಳೆದುಹೋದ ಉತ್ಪನ್ನ ಒಟ್ಟು ಶೇ. 19, ಹಣದುಬ್ಬರದ ಇಳಿಕೆ ಶೇ. 6.7, ಆದ್ದರಿಂದ ತ್ಯಾಗದ ಅನುಪಾತ 2.8. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 2.8 ಎಂಬುದು ಇಡೀ ದೇಶದ ಸರಾಸರಿ. ಈ ನಷ್ಟವನ್ನು ಎಲ್ಲರೂ ಸಮನಾಗಿ ಹಂಚಿಕೊಂಡರೆ? ಇಲ್ಲ. 1983ರಲ್ಲಿ ಅಮೆರಿಕದ ಬಿಳಿಯರಲ್ಲಿ ನಿರುದ್ಯೋಗ ಶೇ. 8.4 ಇದ್ದರೆ ಕರಿಯರಲ್ಲಿ ಶೇ. 19.5 ಇತ್ತು. ಹೆಚ್ಚಿನವರು ಕೆಲಸದಲ್ಲಿಯೇ ಇದ್ದರು. ಉಳಿತಾಯವಿದ್ದವರಿಗೆ ಹೆಚ್ಚು ಬಡ್ಡಿಯೂ ಸಿಕ್ಕಿತು. ಕೆಲವರು ಮಾತ್ರ ಎಲ್ಲವನ್ನೂ ಕಳೆದುಕೊಂಡರು.

ಇಂಗ್ಲಿಷಿನ ಆ ಒಂದು ಪದಕ್ಕೆ ಕನ್ನಡದಲ್ಲಿ ಎರಡು ಪದಗಳಿವೆ. ನಮ್ಮದನ್ನು ನಾವೇ ಮನಸಾರೆ ಬಿಟ್ಟುಕೊಟ್ಟರೆ ಅದು ತ್ಯಾಗ. ನಮ್ಮ ಒಳಿತಿಗಾಗಿ ಇನ್ನೊಬ್ಬರನ್ನು ಕೊಟ್ಟರೆ ಅದು ಬಲಿ. ತಾಯಿ ತನ್ನ ಪಾಲಿನ ಅನ್ನವನ್ನು ಮಗುವಿಗೆ ಬಡಿಸಿದರೆ ತ್ಯಾಗ ಎನ್ನುತ್ತೇವೆ. ಪಕ್ಕದ ಮನೆಯವರ ತಟ್ಟೆಯಿಂದ ತೆಗೆದು ಬಡಿಸಿದರೆ ಯಾರೂ ಹಾಗೆನ್ನಲಾರರು. ಬಡ್ಡಿದರವನ್ನು ನಿರ್ಧರಿಸುವವರ ಕೆಲಸ ಹೋಗುವುದಿಲ್ಲ. ಕೆಲಸ ಕಳೆದುಕೊಂಡವರನ್ನು ಯಾರೂ ಮೊದಲೇ ಕೇಳಿರುವುದಿಲ್ಲ. ಹಾಗಿರುವಾಗ ಇದನ್ನು ತ್ಯಾಗ ಎಂದು ಕರೆಯುವುದು ಎಷ್ಟು ಸರಿ?

ಇಲ್ಲಿ ಇನ್ನೊಂದು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಹಣದುಬ್ಬರವೂ ಯಾರನ್ನೂ ಕೇಳಿ ಬರುವುದಿಲ್ಲ. ಅಕ್ಕಿ, ಬೇಳೆ, ಎಣ್ಣೆಯ ಬೆಲೆ ಏರಿದಾಗ ಮೊದಲು ಸೊರಗುವವರು ದಿನಗೂಲಿಯವರು, ಪಿಂಚಣಿಯನ್ನೇ ನಂಬಿದವರು, ಚಿಕ್ಕ ಉಳಿತಾಯದ ವಿಧವೆಯರು. ಆಸ್ತಿಯಿದ್ದವರಿಗೆ ಬೆಲೆಯೇರಿಕೆ ಅಷ್ಟಾಗಿ ತಟ್ಟುವುದಿಲ್ಲ. ಆದ್ದರಿಂದ, ಏನೂ ಮಾಡದೆ ಸುಮ್ಮನಿರುವುದು ಕೂಡ ಬಡವರ ಮೇಲೆಯೇ ಭಾರ ಹೊರಿಸುವ ಒಂದು ನಿರ್ಧಾರ. ಕೆಲವೊಮ್ಮೆ ಕಹಿ ಔಷಧ ಕೊಡಲೇಬೇಕಾಗುತ್ತದೆ. ನಮ್ಮ ತಕರಾರು ಔಷಧದ ಬಗ್ಗೆ ಅಲ್ಲ. ಕಾಯಿಲೆ ಊರಿನದು, ಕಹಿ ಕುಡಿಯುವವನು ಮಾತ್ರ ಒಬ್ಬನೇ ಎಂಬುದರ ಬಗ್ಗೆ.

ಆದರೂ 'ಕೊಡಲೇಬೇಕು' ಎಂಬ ಮಾತನ್ನು ಸುಲಭವಾಗಿ ಒಪ್ಪಬಾರದು. ಪಠ್ಯದಲ್ಲಿ 'ಸಹಜ ನಿರುದ್ಯೋಗ ದರ' ಎಂಬ ಮಾತು ಬರುತ್ತದೆ. ಮಳೆ, ಬಿಸಿಲಿನಂತೆ ನಿರುದ್ಯೋಗವೂ ಪ್ರಕೃತಿಯ ನಿಯಮವೇನೋ ಎಂದು ಓದುವವರಿಗೆ ಅನಿಸುತ್ತದೆ. ಆ ಹೆಸರನ್ನು ಪ್ರಚಾರಕ್ಕೆ ತಂದ ಮಿಲ್ಟನ್ ಫ್ರೀಡ್‌ಮನ್ ಅವರೇ, ಈ ದರ ಬದಲಾಗದ್ದೇನಲ್ಲ, ಅದರ ಹಿಂದಿನ ಅನೇಕ ಕಾರಣಗಳು ಮನುಷ್ಯರೇ ಮಾಡಿದವು ಎಂದು 1967ರ ಉಪನ್ಯಾಸದಲ್ಲಿ ಹೇಳಿದ್ದರು. ಇತ್ತೀಚಿನ ಅನುಭವವೂ ಎಚ್ಚರಿಸುವಂತಿದೆ. 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ. 9.1 ಇತ್ತು. ಅದನ್ನು ಇಳಿಸಲು ಐದು ವರ್ಷ ಶೇ. 5ಕ್ಕಿಂತ ಹೆಚ್ಚಿನ ನಿರುದ್ಯೋಗ, ಇಲ್ಲವೇ ಒಂದು ವರ್ಷ ಶೇ. 10ರ ನಿರುದ್ಯೋಗ ಬೇಕಾದೀತು ಎಂದು ಮಾಜಿ ಹಣಕಾಸು ಕಾರ್ಯದರ್ಶಿ ಲಾರೆನ್ಸ್ ಸಮ್ಮರ್ಸ್ ಅಂದಾಜಿಸಿದ್ದರು. ಒಂದೇ ವರ್ಷದಲ್ಲಿ ಹಣದುಬ್ಬರ ಶೇ. 3ಕ್ಕೆ ಇಳಿಯಿತು, ನಿರುದ್ಯೋಗ ಮಾತ್ರ ಶೇ. 3.6ರ ಆಸುಪಾಸಿನಲ್ಲೇ ಇತ್ತು. ಇದಕ್ಕೆ ಬಡ್ಡಿದರ ಎಷ್ಟು ಕಾರಣ, ಸರಕು ಸಾಗಣೆ ಸರಿಹೋದದ್ದು ಎಷ್ಟು ಕಾರಣ ಎಂಬ ಚರ್ಚೆ ಬೇರೆ. ಲಕ್ಷಾಂತರ ಜನರ ಅನ್ನದ ಪ್ರಶ್ನೆಯಲ್ಲಿ ಒಂದು ಅನುಪಾತವನ್ನು ವಿಧಿಲಿಖಿತದಂತೆ ನಂಬಬಾರದು ಎಂಬುದಕ್ಕೆ ಇಷ್ಟು ಸಾಕು.

ಒಂದು ವೇಳೆ ಬೇರೆ ದಾರಿಯೇ ಇಲ್ಲದಿದ್ದರೆ? ಆಗಲೂ ನಿರ್ಧಾರ ಸರಿಯಾಗಿತ್ತು ಎಂಬ ಕಾರಣಕ್ಕೆ ಋಣ ತೀರುವುದಿಲ್ಲ. ನಮ್ಮ ನಾಡಿನದೇ ಉದಾಹರಣೆ ನೋಡೋಣ. ಆಲಮಟ್ಟಿ ಅಣೆಕಟ್ಟು ಕಟ್ಟಿದಾಗ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಹಿನ್ನೀರಿಗೆ ಸೇರಿದವು. ಅಣೆಕಟ್ಟು ಬೇಕಾಗಿತ್ತು ಎನ್ನುವವರೂ ಮುಳುಗಿದವರಿಗೆ ಪರಿಹಾರ, ಪುನರ್ವಸತಿ ಕೊಡಬೇಕಾದ್ದಿಲ್ಲ ಎನ್ನುವುದಿಲ್ಲ. ಪರಿಹಾರ ಸಾಲದು ಎಂಬ ದೂರು ಇರಬಹುದು, ಆದರೆ ಕೊಡಬೇಕಾದ್ದು ಇದೆ ಎಂಬುದರಲ್ಲಿ ಎರಡು ಮಾತಿಲ್ಲ.

ಬಡ್ಡಿದರ ಏರಿದಾಗಲೂ ಮುಳುಗಡೆಯಾಗುತ್ತದೆ. ಗೃಹಸಾಲ ದುಬಾರಿಯಾಗುತ್ತದೆ, ಕಟ್ಟಡದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಗಾರೆ ಕೆಲಸದವರು, ಸೆಂಟ್ರಿಂಗ್‌ನವರು, ಟೈಲ್ಸ್ ಹಾಕುವವರು ಮನೆಗೆ ಮರಳುತ್ತಾರೆ. ವ್ಯತ್ಯಾಸ ಒಂದೇ. ಅಣೆಕಟ್ಟಿಗೆ ಮುಳುಗಿದ ಮನೆಗಳಿಗೆ ಪಟ್ಟಿ ಇರುತ್ತದೆ, ಸರ್ವೆ ನಂಬರ್ ಇರುತ್ತದೆ. ಇವರಿಗೆ ಪಟ್ಟಿಯಿಲ್ಲ. ತನ್ನ ಕೆಲಸ ಹೋದದ್ದು ರಿಸರ್ವ್ ಬ್ಯಾಂಕಿನ ನಿರ್ಧಾರದಿಂದಲೋ ಮೇಸ್ತ್ರಿಯ ಸಿಟ್ಟಿನಿಂದಲೋ ಎಂಬುದು ಆ ಕೂಲಿಕಾರನಿಗೂ ಗೊತ್ತಾಗುವುದಿಲ್ಲ. ಸಾಲಗಾರ ಯಾರೆಂದು ತೋರಿಸಲು ಆಗದ ಸಾಲವನ್ನು ಸಮಾಜ ಬಹುಬೇಗ ಮರೆಯುತ್ತದೆ.

ನಮ್ಮ ದೇಶದಲ್ಲಿ 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿಯಾಯಿತು. ಹಣದುಬ್ಬರದ ಗುರಿ ಶೇ. 4, ಏರಿಳಿತದ ಮಿತಿ ಶೇ. 2ರಿಂದ 6 ಎಂದು ನಿಗದಿಯಾಯಿತು. ಸತತ ಮೂರು ತ್ರೈಮಾಸಿಕಗಳಲ್ಲಿ ಮಿತಿ ತಪ್ಪಿದರೆ ಬ್ಯಾಂಕು ಸರಕಾರಕ್ಕೆ ಕಾರಣ ವಿವರಿಸಿ ವರದಿ ಕೊಡಬೇಕು. ಬೆಳವಣಿಗೆಯನ್ನೂ ಗಮನದಲ್ಲಿಡಬೇಕೆಂದು ಕಾಯ್ದೆ ಹೇಳುತ್ತದೆ, ನಿಜ. ಆದರೆ ನಿರುದ್ಯೋಗ ಮಿತಿ ಮೀರಿದರೆ ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಹೇಳುವುದಿಲ್ಲ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ ದರ ಶೇ. 4ರಿಂದ 6.5ಕ್ಕೇರಿತು. ಅದರಿಂದ ಕೆಲಸ ತಪ್ಪಿದವರಿಗೆಂದು ಪ್ರತ್ಯೇಕ ಪರಿಹಾರದ ಮಾತು ಬರಲಿಲ್ಲ. 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯು ಹಳ್ಳಿಯ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕೆಂದು ಒಪ್ಪಿಕೊಂಡಿತ್ತು. ನಗರದ ಕೂಲಿಕಾರನಿಗೆ ಅಂಥ ರಾಷ್ಟ್ರೀಯ ಖಾತ್ರಿ ದೊರೆಯಲಿಲ್ಲ. ಪಟ್ಟಿ ಮಾಡಲಾಗದವರ ಋಣ ತೀರಿಸಲು ಇರುವ ದಾರಿ, ಕೆಲಸವಿಲ್ಲದ ಎಲ್ಲರಿಗೂ ಆಸರೆ ಒದಗಿಸುವುದು. ಅದನ್ನು ದಯೆಯೆಂದೋ ಪುಕ್ಕಟೆ ಭಾಗ್ಯವೆಂದೋ ಹೀಯಾಳಿಸುವ ಮೊದಲು, ಬೆಲೆ ಸ್ಥಿರವಾದಾಗ ಲಾಭ ಪಡೆದ ನಾವು ಅದರ ಬೆಲೆ ತೆತ್ತವರು ಯಾರೆಂದು ಕೇಳಿಕೊಳ್ಳಬೇಕು.

ಹಾಗಾದರೆ ವಿದ್ಯಾರ್ಥಿಗಳು ಈ ಪಠ್ಯವನ್ನು ಬಿಟ್ಟುಬಿಡಬೇಕೇ? ಖಂಡಿತ ಬೇಡ. ಲೆಕ್ಕ ಬಾರದವರ ಅನುಕಂಪ ಬಡವರಿಗೆ ಹೆಚ್ಚು ಉಪಯೋಗವಾಗುವುದಿಲ್ಲ. ಬೆಲೆಯೇರಿಕೆ ಯಾಕೆ ಆಗುತ್ತದೆ, ಬಡ್ಡಿದರ ಹೇಗೆ ಕೆಲಸ ಮಾಡುತ್ತದೆ ಎಂದು ಬಲ್ಲವರೇ ಬೇರೆ ದಾರಿಗಳನ್ನೂ ಹುಡುಕಬಲ್ಲರು. ಇಂದು ಆ ಬೆಂಚಿನಲ್ಲಿ ಕುಳಿತವರಲ್ಲಿ ಕೆಲವರು ನಾಳೆ ಬ್ಯಾಂಕಿನಲ್ಲಿ, ಸಚಿವಾಲಯದಲ್ಲಿ, ಪತ್ರಿಕೆಯಲ್ಲಿ ಕುಳಿತು ಇದೇ ಅನುಪಾತವನ್ನು ನಿಜವಾದ ಜನರ ಮೇಲೆ ಪ್ರಯೋಗಿಸುತ್ತಾರೆ. ಅವರು 2.8 ಎಂದು ಬರೆಯಲಿ. ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆಯಲು ನಮ್ಮ ಅಧ್ಯಾಪಕರು ಕಲಿಸಲಿ: ಈ ನಷ್ಟ ಯಾರ ಪಾಲಿಗೆ ಬಿತ್ತು, ಅವರಿಗೆ ನಾವು ಏನು ಕೊಡಬೇಕಾಗಿದೆ?