ಮಲಗಿಸಿಟ್ಟ ಆಯುಧಗಳ ಮುಂದೆ

ಅಮೆರಿಕದ ಅರಿಜೋನಾ ರಾಜ್ಯದ ಟಕ್ಸನ್ ನಗರದ ಅಂಚಿನಲ್ಲಿ, ಡೇವಿಸ್-ಮಾಂಥನ್ ವಾಯುನೆಲೆಗೆ ಸೇರಿದ ಸುಮಾರು 2,600 ಎಕರೆಯ ಒಂದು ಬಯಲಿದೆ. ಸೇವೆಯಿಂದ ನಿವೃತ್ತಿಯಾದ ಸೇನಾ ವಿಮಾನಗಳನ್ನು ತಂದು ನಿಲ್ಲಿಸುವುದು ಇಲ್ಲಿಯೇ. ಜನ ಅದನ್ನು 'ಬೋನ್‌ಯಾರ್ಡ್' ಎನ್ನುತ್ತಾರೆ. ಅಂದರೆ ಮೂಳೆಗಳ ಅಂಗಳ. ನಾವು ಅದನ್ನು ನೋಡಿದ್ದು 2018ರಲ್ಲಿ. ಆಗ ಪಕ್ಕದ ಪಿಮಾ ವಸ್ತುಸಂಗ್ರಹಾಲಯದಿಂದ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. 2020ರ ಕೊರೊನಾ ಕಾಲದಲ್ಲಿ ಆ ಪ್ರವಾಸ ನಿಂತಿತು. ಗುರುತಿನ ಚೀಟಿ ತೋರಿಸಿ ಹತ್ತಬೇಕಿತ್ತು, ಒಳಗೆ ಎಲ್ಲೂ ಇಳಿಯುವಂತಿರಲಿಲ್ಲ.

1946ರಿಂದ ಈ ಬಯಲು ವಿಮಾನಗಳ ಉಗ್ರಾಣವಾಗಿದೆ. ಮಳೆ ಕಡಿಮೆ, ಗಾಳಿ ಒಣ, ಆದ್ದರಿಂದ ತುಕ್ಕು ಬೇಗ ಹಿಡಿಯದು. ಮಣ್ಣು ಎಷ್ಟು ಗಟ್ಟಿಯೆಂದರೆ ಕಾಂಕ್ರೀಟು ಹಾಸದೆಯೇ ಭಾರೀ ವಿಮಾನಗಳನ್ನು ನಿಲ್ಲಿಸಬಹುದು.

ಆದರೆ ಮೂಳೆಗಳ ಅಂಗಳ ಎಂಬ ಹೆಸರು ಅರ್ಧ ಸುಳ್ಳು. ಸಾಲು ಸಾಲು ವಿಮಾನಗಳ ಕಿಟಕಿ, ಎಂಜಿನ್ ಬಾಯಿಗಳಿಗೆ ಬಿಸಿಲು, ಧೂಳು ತಾಗದಂತೆ ಬಿಳಿಯ ಲೇಪ ಬಳಿದಿದ್ದರು. ಶವಕ್ಕೆ ಇಷ್ಟು ಆರೈಕೆ ಯಾರು ಮಾಡುತ್ತಾರೆ? 2008ರಲ್ಲಿ ಇಲ್ಲಿಗೆ ಬಂದು ನಿಂತ 'ಘೋಸ್ಟ್ ರೈಡರ್' ಎಂಬ ಬಿ-52 ಬಾಂಬರ್ 2015ರಲ್ಲಿ ಎದ್ದು ಹಾರಿ ಮತ್ತೆ ಸೇವೆಗೆ ಸೇರಿತು. ನಮ್ಮ ಹಳೆಯ ಮನೆಗಳ ಅಟ್ಟವಿದ್ದಂತೆ ಈ ಬಯಲು. 'ಮುಂದೆ ಬೇಕಾದೀತು' ಎಂಬ ಒಂದೇ ಮಾತಿನ ಮೇಲೆ ನಿಂತಿದೆ. ಕತ್ತಿಯನ್ನು ಒರೆಗೆ ಹಾಕಿದವನನ್ನು ಕತ್ತಿ ಬಿಟ್ಟವನೆಂದು ಕರೆಯಬಹುದೇ?

ನಮ್ಮ ಮಾರ್ಗದರ್ಶಿ ವಾಯುಪಡೆಯಲ್ಲಿ ದುಡಿದ ವೃದ್ಧರು. ತಮ್ಮನ್ನು ಜೋಪಾನವಾಗಿ ಮರಳಿ ತಂದ ವಿಮಾನದ ಬಗ್ಗೆ ಸಾಕಿದ ಎತ್ತಿನ ಬಗ್ಗೆ ರೈತ ಮಾತಾಡುವಂತೆ ಮಾತಾಡಿದರು. ಅವರ ಪ್ರೀತಿಯನ್ನು ನಾವು ಅಣಕಿಸಲಾರೆವು. ಆದರೆ ನಾಗಸಾಕಿಯ ಮೇಲೆ ಅಣುಬಾಂಬು ಹಾಕಿದ 'ಬಾಕ್ಸ್‌ಕಾರ್' ವಿಮಾನವೂ 1961ರವರೆಗೆ ಹದಿನೈದು ವರ್ಷ ಇದೇ ನೆಲದಲ್ಲಿ ಜೋಪಾನವಾಗಿತ್ತು. ಈಗ ಡೇಟನ್ನಿನ ಸಂಗ್ರಹಾಲಯದಲ್ಲಿದೆ. ವಿಮಾನದ ಒಳಗಿದ್ದವರಿಗೆ ಒಂದು ನೆನಪು, ಕೆಳಗಿದ್ದವರಿಗೆ ಇನ್ನೊಂದು. ಕೆಳಗಿದ್ದವರ ನೆನಪನ್ನು ಹೇಳುವ ಮಾರ್ಗದರ್ಶಿ ಆ ಬಸ್ಸಿನಲ್ಲಿರಲಿಲ್ಲ.

ಇದೇ ಬಯಲಿನಲ್ಲಿ ನಿಜವಾಗಿ ಸತ್ತ ವಿಮಾನಗಳೂ ಇವೆ. 1991ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ 'ಸ್ಟಾರ್ಟ್' ಒಪ್ಪಂದದ ಪ್ರಕಾರ 365 ಬಿ-52ಗಳನ್ನು ನಾಶಪಡಿಸಬೇಕಾಯಿತು. ಸುಮಾರು 6 ಟನ್ ತೂಕದ ಅಲಗನ್ನು ಕ್ರೇನಿನಿಂದ ಎತ್ತಿ ಬೀಳಿಸಿ ಒಂದೊಂದನ್ನೂ ಐದು ತುಂಡು ಮಾಡಿದರು. ಆ ತುಂಡುಗಳನ್ನು ರಷ್ಯದ ಉಪಗ್ರಹಗಳು ನೋಡಿ ಖಚಿತಪಡಿಸಿಕೊಳ್ಳಲೆಂದು ಮೂರು ತಿಂಗಳು ಆಕಾಶದ ಕೆಳಗೆ ಹಾಗೆಯೇ ಬಿಟ್ಟಿದ್ದರು. 1972ರಲ್ಲಿ ಹನೋಯ್ ಮೇಲೆ, 1991ರಲ್ಲಿ ಇರಾಕಿನ ಮೇಲೆ ಬಾಂಬು ಸುರಿದ ಮಾದರಿಯ ವಿಮಾನಗಳವು.

ಅವುಗಳನ್ನು ತುಂಡರಿಸಿದ್ದು ಪಶ್ಚಾತ್ತಾಪದಿಂದಲ್ಲ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದ್ದರಿಂದಲೇ ಅಷ್ಟು ಸಾಕ್ಷಿ ಬೇಕಾಯಿತು. ಕೃತ್ಯದ ಬೆಲೆ ಅದರ ಉದ್ದೇಶದಲ್ಲಿದೆ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದವರು ನಾವು. ಮನಸ್ಸು ಬದಲಾಗದೆ ಕೈ ಮಾತ್ರ ಬದಲಾದರೆ ಅದನ್ನು ಒಳಿತೆಂದು ಕರೆಯಲು ನಾಲಗೆ ಹಿಂಜರಿಯುತ್ತದೆ. ಆದರೆ ಆ ಬಸ್ಸಿನಲ್ಲಿ ಕುಳಿತು ನಮಗೆ ಹೊಳೆದದ್ದು ಬೇರೆ. ಮಾಡಿದವನ ಲೆಕ್ಕದಲ್ಲಿ ಉದ್ದೇಶವೇ ದೊಡ್ಡದಿರಬಹುದು. ಸೂರಿನ ಮೇಲೆ ಬಾಂಬು ಬೀಳದೆ ಉಳಿದವನು ಉದ್ದೇಶ ಕೇಳುವುದಿಲ್ಲ. ಶಾಂತಿಯ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇವೆ. ಅವುಗಳಿಗಿಂತ ವೈರಿ ಮೇಲಿನಿಂದ ಎಣಿಸಬಹುದಾದ ಐದು ತುಂಡುಗಳನ್ನು ನಂಬುವುದು ನಮಗೆ ಸುಲಭವೆನಿಸಿತು. ಇದು ನಮ್ಮ ಶ್ರದ್ಧೆಯ ಕೊರತೆಯೂ ಇರಬಹುದು.

ಹಿಂದಿನ ಸೀಟಿನವರೊಬ್ಬರು, ಇಲ್ಲಿರುವ ಎಷ್ಟು ವಿಮಾನಗಳು ಮತ್ತೆ ಹಾರಬಲ್ಲವು ಎಂದು ಕೇಳಿದರು. ಮಾರ್ಗದರ್ಶಿಯ ಮುಖ ಅರಳಿತು. ಬಸ್ಸು ಸಾಗಾಟ ವಿಮಾನಗಳ ಸಾಲಿನತ್ತ ತಿರುಗಿತು.