ಬಾನಿನ ಅಪ್ಪಣೆ ಯಾರಿಗೆ?

ಜುರ್ಚೆನ್ ನಾಯಕ ನೂರ್ಹಾಚಿ 1618ರಲ್ಲಿ ಚೀನಾದ ಮಿಂಗ್ ಸಾಮ್ರಾಜ್ಯದ ಮೇಲೆ ದಂಡೆತ್ತುವ ಮುನ್ನ ತನ್ನ ಏಳು ದೂರುಗಳನ್ನು ಬಾನಿನ ಮುಂದೆ ಇಟ್ಟ. ಮೊದಲನೆಯದು ಮನೆಯ ದೂರು. 1583ರಲ್ಲಿ ಮಿಂಗ್ ಸೈನ್ಯ ಗುರೆ ಕೋಟೆಯನ್ನು ಮುತ್ತಿದಾಗ ಅವನ ಅಜ್ಜ ಗಿಯೊಚಂಗ ಮತ್ತು ತಂದೆ ತಕ್ಸಿ ಹತರಾಗಿದ್ದರು. ಆಗ ಅವನ ಪಾಲಿಗೆ ಉಳಿದದ್ದು ಹದಿಮೂರು ಕವಚಗಳು ಎಂದು ವಂಶದ ಚರಿತ್ರೆ ಹೇಳುತ್ತದೆ. ಮೂವತ್ತು ವರ್ಷಗಳಲ್ಲಿ ಅವನು ಹೆಚ್ಚಿನ ಜುರ್ಚೆನ್ ಕುಲಗಳನ್ನು ತನ್ನ ಕೈಕೆಳಗೆ ತಂದ, 1599ರಲ್ಲಿ ಮಂಗೋಲ್ ಲಿಪಿಯಿಂದ ತನ್ನ ಭಾಷೆಗೊಂದು ಲಿಪಿ ಮಾಡಿಸಿದ, ಜನರನ್ನೂ ಸೈನ್ಯವನ್ನೂ ಎಂಟು ಧ್ವಜಗಳ ಕೆಳಗೆ ವಿಂಗಡಿಸಿದ. 1616ರಲ್ಲಿ ಖಾನ್ ಆದ. ಆ ಆಳ್ವಿಕೆಯ ಹೆಸರೇ ತಿಯಾನ್‌ಮಿಂಗ್, ಅಂದರೆ ಬಾನಿನ ಅಪ್ಪಣೆ.

ಇಲ್ಲಿ ಬಾನು ಎಂದರೆ ಪುಣ್ಯವಂತರು ಸತ್ತು ಸೇರುವ ಸ್ವರ್ಗವಲ್ಲ. ಚೀನೀಯರ ತಿಯಾನ್, ಜುರ್ಚೆನ್ನರ ಅಬ್ಕ, ಎರಡೂ ಲೋಕದ ನಡೆಯನ್ನು ನೋಡುತ್ತಿರುವ, ತಪ್ಪು ಒಪ್ಪುಗಳನ್ನು ತೂಗುವ ಶಕ್ತಿ. ಈ ಅಪ್ಪಣೆಯ ಕಲ್ಪನೆ ಕ್ರಿ.ಪೂ. 11ನೆಯ ಶತಮಾನದಷ್ಟು ಹಳೆಯದು. ಶಾಂಗ್ ಅರಸರನ್ನು ಕಿತ್ತೊಗೆದ ಝೌ ವಂಶ ತನ್ನ ಗೆಲುವನ್ನು ಅದರಿಂದಲೇ ಸಮರ್ಥಿಸಿಕೊಂಡಿತ್ತು. ದುರಾಚಾರಿಯ ಕೈಯಿಂದ ಬಾನು ರಾಜ್ಯವನ್ನು ಕಿತ್ತು ಯೋಗ್ಯನಿಗೆ ಕೊಡುತ್ತದೆ ಎಂಬುದು ಅದರ ತಿರುಳು.

1619ರಲ್ಲಿ ಸಾರ್ಹುವಿನಲ್ಲಿ ಮಿಂಗ್ ಸೇನೆ ನಾಲ್ಕು ದಿಕ್ಕಿನಿಂದ ಏರಿಬಂದು ಸೋತಾಗ ದೂರಿಗೆ ತೀರ್ಪು ಸಿಕ್ಕಿತೆಂದೇ ನೂರ್ಹಾಚಿಯ ಕಡೆಯವರು ತಿಳಿದರು. ತೊಡಕು ಇರುವುದೂ ಅಲ್ಲಿಯೇ. ಗೆದ್ದವನೇ ಬಾನಿಗೆ ಬೇಕಾದವನು ಎಂದಾದರೆ ಧರ್ಮಕ್ಕೂ ತೋಳ್ಬಲಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. 1626ರಲ್ಲಿ ನಿಂಗ್ಯುವಾನ್ ಕೋಟೆಯ ಮುಂದೆ ನೂರ್ಹಾಚಿ ಸೋತ, ಅದೇ ವರ್ಷ ತೀರಿಕೊಂಡ. ಅಷ್ಟರಿಂದಲೇ ಅವನ ದೂರು ಸುಳ್ಳಾಯಿತೇ?

ಪ್ರಾಚೀನ ಚೀನಾದ ಚಿಂತಕ ಮೆನ್ಷಿಯಸ್ ಈ ತೊಡಕಿಗೆ ಬಹಳ ಹಿಂದೆಯೇ ಉತ್ತರ ಹುಡುಕಿದ್ದ. ಬಾನು ಮಾತಾಡುವುದಿಲ್ಲ, ಅದರ ಮನಸ್ಸು ತಿಳಿಯುವುದು ಜನರ ಮನಸ್ಸಿನಿಂದ ಎಂಬುದು ಅವನ ನಿಲುವು. ನೂರ್ಹಾಚಿಯ ಮಕ್ಕಳು ಮೊಮ್ಮಕ್ಕಳಿಗೆ ಈ ಅಳತೆಗೋಲು ಬೇಕಾಯಿತು, ಕಷ್ಟವೂ ಆಯಿತು. ಮಗ ಹಾಂಗ್ ತೈಜಿ 1635ರಲ್ಲಿ ತನ್ನ ಜನರಿಗೆ ಮಂಚು ಎಂದು ಹೆಸರಿಟ್ಟ, ಮರುವರ್ಷ ಚಿಂಗ್ ಸಾಮ್ರಾಜ್ಯವನ್ನು ಘೋಷಿಸಿದ. 1644ರಲ್ಲಿ ಲಿ ಝಿಚೆಂಗ್‌ನ ಬಂಡುಕೋರರು ಬೀಜಿಂಗ್ ಹೊಕ್ಕು ಕೊನೆಯ ಮಿಂಗ್ ಚಕ್ರವರ್ತಿ ನೇಣು ಹಾಕಿಕೊಂಡಾಗ, ಆತನ ಸಾವಿನ ಸೇಡು ತೀರಿಸಲೆಂದೇ ಬಂದೆವು ಎನ್ನುತ್ತ ಮಂಚುಗಳು ರಾಜಧಾನಿಯನ್ನು ವಶಪಡಿಸಿಕೊಂಡರು. ಮರುವರ್ಷ ಯಾಂಗ್‌ಝೌ ಊರಿನಲ್ಲಿ ಜನರ ಮಾರಣಹೋಮ ನಡೆಯಿತು; ಗಂಡಸರೆಲ್ಲ ಮಂಚು ರೀತಿಯಲ್ಲಿ ಮುಂದಲೆ ಬೋಳಿಸಿ ಜಡೆ ಬಿಡಬೇಕೆಂದು, ತಪ್ಪಿದರೆ ತಲೆದಂಡವೆಂದು ಆಜ್ಞೆಯಾಯಿತು. ಹೀಗೆ ಹೆದರಿಸಿ ಪಡೆದ ಒಪ್ಪಿಗೆಯನ್ನು ಜನರ ಮನಸ್ಸು ಎನ್ನಲಾಗದು.

ಪ್ರಶ್ನೆಯನ್ನು ನೇರವಾಗಿ ಎದುರಿಸಿದವನು ಚಿಂಗ್ ವಂಶದ ಯೋಂಗ್‌ಜೆಂಗ್ ಚಕ್ರವರ್ತಿ. ವಿದ್ವಾಂಸ ಲು ಲಿಯುಲಿಯಾಂಗ್‌ನ ಬರಹಗಳಿಂದ ಪ್ರೇರಿತನಾದ ಝೆಂಗ್ ಜಿಂಗ್ ಎಂಬ ಉಪಾಧ್ಯಾಯ 1728ರಲ್ಲಿ ದಂಗೆಗೆ ಸಂಚು ಹೂಡಿ ಸಿಕ್ಕಿಬಿದ್ದ. ಹೊರಗಿನ ಅನಾಗರಿಕರಿಗೆ ಚೀನಾವನ್ನು ಆಳುವ ಹಕ್ಕಿಲ್ಲ ಎಂಬುದು ಅವನ ವಾದ. ಚಕ್ರವರ್ತಿ ಅದಕ್ಕೆ ಉತ್ತರವಾಗಿ ಪುಸ್ತಕವನ್ನೇ ಹೊರಡಿಸಿ ಶಾಲೆಗಳಿಗೆ ಹಂಚಿಸಿದ. ಋಷಿತುಲ್ಯ ಅರಸ ಶುನ್ ಪೂರ್ವದ ಹೊರಗಿನವನು, ಝೌ ವಂಶದ ವೆನ್ ಪಶ್ಚಿಮದ ಹೊರಗಿನವನು ಎಂದು ಮೆನ್ಷಿಯಸ್‌ನೇ ಹೇಳಿದ್ದಾನೆ; ಅಪ್ಪಣೆ ಸಿಗುವುದು ಸದ್ಗುಣಕ್ಕೆ, ಹುಟ್ಟೂರಿಗಲ್ಲ ಎಂದು ವಾದಿಸಿದ. ಹುಟ್ಟಿನಿಂದ ಯೋಗ್ಯತೆ ಅಳೆಯುವುದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಅಪರೂಪ. ಆದರೆ ಅದೇ ಚಕ್ರವರ್ತಿ ಸತ್ತು ದಶಕಗಳಾಗಿದ್ದ ಲುವಿನ ಶವವನ್ನು ಅಗೆಸಿ ಶಿಕ್ಷಿಸಿದ. ಝೆಂಗ್ ಜಿಂಗ್‌ಗೆ ಮಾತ್ರ ಕ್ಷಮೆ ಸಿಕ್ಕಿತು. ಮುಂದೆ ಪಟ್ಟವೇರಿದ ಮಗ ಚಿಯಾನ್‌ಲಾಂಗ್ ಅವನನ್ನೂ ಕೊಲ್ಲಿಸಿ, ತಂದೆಯ ಪುಸ್ತಕವನ್ನೇ ನಿಷೇಧಿಸಿದ. ಚರ್ಚೆಗೆ ತೆರೆದ ಅಪ್ಪಣೆ ಕಳೆದುಹೋಗಲೂಬಹುದು ಎಂಬ ಅಂಜಿಕೆ ಆ ನಿಷೇಧದಲ್ಲಿ ಕಾಣುತ್ತದೆ.

1912ರ ಫೆಬ್ರವರಿ 12ರಂದು ಬಾಲಕ ಚಿಂಗ್ ಚಕ್ರವರ್ತಿ ಪುಯಿಯ ಪರವಾಗಿ ರಾಜಮಾತೆ ಲಾಂಗ್ಯು ಗದ್ದುಗೆ ಬಿಡುವ ಆಜ್ಞಾಪತ್ರ ಹೊರಡಿಸಿದಳು. ಜನರ ಮನಸ್ಸು ಗಣರಾಜ್ಯದ ಕಡೆಗಿದೆ, ಬಾನಿನ ಅಪ್ಪಣೆ ಏನೆಂಬುದು ಅದರಿಂದಲೇ ತಿಳಿಯುತ್ತದೆ ಎಂಬ ಕಾರಣವನ್ನು ಆ ಪತ್ರ ಕೊಟ್ಟಿತು. ಅಲ್ಲಿ ಬಳಸಿದ ಶಬ್ದವೂ ತಿಯಾನ್‌ಮಿಂಗ್.